ಹೊನ್ನಾಂಬೆಯ ಗಡ್ಡ

ಮೇಗರವಳ್ಳಿ ಚಂದ್ರಯ್ಯನ ಮುಖವನ್ನು ಹೊಗಳದ ಹೆಂಗಸರು ಆ ಸೀಮೆಯಲ್ಲಿ ಒಬ್ಬರೂ ಇರಲಿಲ್ಲ ಎಂದರೆ ಸ್ವಲ್ಪ ಹೆಚ್ಚಾಯಿತು. ಒಬ್ಬಳಿದ್ದಳು, ಅವನ ಹೆಂಡತಿ ಜಲಜಮ್ಮ. ಅವಳ ಹತ್ತಿರ ಇದ್ದ ಒಳ್ಳೆಯ ಸೀರೆಗಳು ಮೂರು. ಗಂಡನ ಪೆಟ್ಟಿಗೆಯಲ್ಲಿ ಎಷ್ಟಿದ್ದವೋ ಅವಳು ಎಣಿಸಲು ಹೋಗಿರಲಿಲ್ಲ, ಎಣಿಸಿದರೆ ಜಗಳವಾಗುತ್ತದೆ ಎಂದು.

ಚಂದ್ರಯ್ಯ ಮುಕುಂದಯ್ಯನವರ ಯಕ್ಷಗಾನ ಮೇಳದ ಸ್ತ್ರೀವೇಷಧಾರಿ. ರಾಣಿಯಿರಲಿ, ರಾಣಿಯ ಸಖಿಯಿರಲಿ, ರಂಗದ ಮೇಲೆ ಅವನು ಸೆರಗು ಸರಿಮಾಡಿಕೊಂಡು ತಿರುಗಿದರೆ ಮುಂದಿನ ಸಾಲಿನಲ್ಲಿ ಕೂತ ಗಂಡಸರು ಎಲೆಯಡಿಕೆ ಜಗಿಯುವುದನ್ನು ಮರೆಯುತ್ತಿದ್ದರು. ನಲವತ್ತು ದಾಟಿದ್ದರೂ ಬಣ್ಣ ಹಚ್ಚಿದರೆ ಇಪ್ಪತ್ತು. ತಾನು ಚೆಲುವ ಎನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ನಟಿಸುವಷ್ಟು ಒಳ್ಳೆಯ ನಟ ಮಾತ್ರ ಅವನಾಗಿರಲಿಲ್ಲ.

ಎಂಬತ್ತನಾಲ್ಕರ ತಿರುಗಾಟಕ್ಕೆ ಮುಕುಂದಯ್ಯನವರು ಅವನಿಗೆಂದೇ ಹೊಸ ಪ್ರಸಂಗ ಬರೆಸಿದ್ದರು. ಹೊನ್ನಾಂಬೆ ಎಂಬ ರಾಣಿಯನ್ನು ಕಾಡಿನ ಬೇಡರ ನಾಯಕ ಹೊತ್ತೊಯ್ಯುತ್ತಾನೆ, ಮದುವೆಯಾಗು ಎಂದು ಪೀಡಿಸುತ್ತಾನೆ. ಅವಳು ಅವನೊಂದಿಗೆ ಮಾತಿಗೆ ಮಾತು ಕೊಟ್ಟು, ಕೊನೆಗೆ ಅವನೇ "ತಾಯಿ" ಎಂದು ಕಾಲಿಗೆ ಬೀಳುವ ಹಾಗೆ ಮಾಡುತ್ತಾಳೆ. ಯಕ್ಷಗಾನದಲ್ಲಿ ಭಾಗವತರ ಹಾಡಷ್ಟೇ ಬರೆದಿಟ್ಟದ್ದು, ಮಾತೆಲ್ಲ ಆಯಾ ಹೊತ್ತಿಗೆ ವೇಷಧಾರಿಯ ಬಾಯಿಗೆ ಬಂದದ್ದು. ಹಾಗಾಗಿ ನಾಯಕನನ್ನು ಕಾಲಿಗೆ ಬೀಳಿಸುವುದಕ್ಕೆ ಚಂದ್ರಯ್ಯ ಒಂದು ಗಂಟೆ ತೆಗೆದುಕೊಳ್ಳುತ್ತಿದ್ದ. ಜನ ಅದಕ್ಕೇ ಟಿಕೆಟ್ ತೆಗೆಯುತ್ತಿದ್ದರು.

ಹೊಸನಗರದಲ್ಲಿ ಡೇರೆ ಹಾಕಿದ್ದಾಗ ಅವನ ಗದ್ದದ ಕೆಳಗೆ ಒಂದು ನರೂಲಿ ಕಾಣಿಸಿಕೊಂಡಿತು. ಸಾಸಿವೆ ಕಾಳಿನಷ್ಟೇ. ಅವನು ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ದಿನಾ ಸಂಜೆ ಬಣ್ಣಕ್ಕೆ ಕೂರುವ ಮುಂಚೆ ನುಣ್ಣಗೆ ಮುಖ ಬೋಳಿಸಿಕೊಳ್ಳುವುದು ಅವನ ಪದ್ಧತಿ, ಅದರಂತೆ ಬೋಳಿಸಿಕೊಂಡ. ವಾರ ಕಳೆಯುವಷ್ಟರಲ್ಲಿ ಪಕ್ಕದಲ್ಲಿ ಇನ್ನೆರಡು. ತಿಂಗಳಾಗುವಷ್ಟರಲ್ಲಿ ರೇಜರು ಓಡಾಡಿದ ದಾರಿಯುದ್ದಕ್ಕೂ ಕಿವಿಯ ಬುಡದಿಂದ ಕಿವಿಯ ಬುಡಕ್ಕೆ ನರೂಲಿಗಳು ಸಾಲಾಗಿ ನಿಂತವು. ಬಿಳಿ ಬಣ್ಣ ಹಚ್ಚಿದರೆ ಒಣಗಿ, ಅವುಗಳ ಮೇಲಿಂದ ಹಳೆ ಗೋಡೆಯ ಸುಣ್ಣದಂತೆ ಎದ್ದು ಬರುತ್ತಿತ್ತು.

ಬಣ್ಣ ಹಚ್ಚುವ ಬಿಡಾರಕ್ಕೆ ಮೇಳದವರು ಚೌಕಿ ಎನ್ನುತ್ತಾರೆ. ಚೌಕಿಯಲ್ಲಿ ವೈದ್ಯಕ್ಕೇನು ಬರಗಾಲ? ಒಬ್ಬ ಗೇರೆಣ್ಣೆ ಹಚ್ಚು ಎಂದ. ಹಚ್ಚಿದ್ದಕ್ಕೆ ಚರ್ಮ ಸುಟ್ಟಿತು, ನರೂಲಿ ಹಾಗೇ ಉಳಿಯಿತು. ಇನ್ನೊಬ್ಬ ಕುದುರೆ ಬಾಲದ ಕೂದಲು ಕಟ್ಟು ಎಂದ. ಅಷ್ಟಕ್ಕೂ ಕಟ್ಟುವುದಾದರೆ ಇಡೀ ಕುದುರೆಯೇ ಬೇಕಿತ್ತು. ಸುದ್ದಿ ತಿಳಿದ ಜಲಜಮ್ಮ ಊರಲ್ಲಿ ಉಪ್ಪು ಬೆಲ್ಲ ಹೊಳೆಗೆ ಹಾಕಿ ಕೈಮುಗಿದಳು. ಹೊಳೆ ಬೆಲ್ಲ ತಿಂದು ಸುಮ್ಮನಾಯಿತು.

ಕೊನೆಗೆ ಮುಕುಂದಯ್ಯನವರೇ ಕರೆದು ಹೇಳಿದರು. "ನೋಡು ಚಂದ್ರಯ್ಯ, ನಿನ್ ಮೇಲೆ ನಂಗೇನೂ ಬೇಜಾರಿಲ್ಲ. ಆದ್ರೆ ಮುಂದಿನ ಸಾಲಲ್ಲಿ ಕೂತೋರು ನಿನ್ ಮುಖ ನೋಡಿ ಪಿಸಪಿಸ ಅಂತಿದಾರೆ. ಸಾಗರಕ್ಕೆ ಹೋಗಿ ಡಾಕ್ಟ್ರಿಗೆ ತೋರ್ಸು. ವಾಸಿ ಆಗೋವರೆಗೂ ಹೊನ್ನಾಂಬೆನ ಉಮಾಪತಿ ಮಾಡ್ಲಿ."

ಉಮಾಪತಿ ಎಂದರೆ ಸಖಿಯ ವೇಷ ಮಾಡುತ್ತಿದ್ದ ಇಪ್ಪತ್ತನಾಲ್ಕರ ತರುಣ. ನೋಡಿದರೆ ಸಾಕು ಕಲಿಯುವಂಥವನು, ಮೂರು ವರ್ಷದಿಂದ ಚಂದ್ರಯ್ಯನನ್ನು ನೋಡುತ್ತಲೇ ಇದ್ದ. ತಿರುಗಾಟದ ಕೊನೆಯ ಆಟ ತೀರ್ಥಹಳ್ಳಿಯಲ್ಲಿ. ಮುಂದಿನ ವರ್ಷ ಯಾರಿಗೆ ಯಾವ ವೇಷ ಎಂದು ಯಜಮಾನರು ತೀರ್ಮಾನಿಸುವುದು ಅಲ್ಲೇ. ಅಷ್ಟರೊಳಗೆ ಮುಖ ಸರಿಯಾಗದಿದ್ದರೆ ಹೊನ್ನಾಂಬೆ ಕೈಬಿಟ್ಟು ಹೋದಳೆಂದೇ ಲೆಕ್ಕ.

ಸಾಗರದಲ್ಲಿ ಆಗ ಹೆಸರಾಗಿದ್ದವರು ಡಾಕ್ಟರ್ ಮೀನಾಕ್ಷಮ್ಮ. ಹೆಂಗಸರ ಡಾಕ್ಟರು. ಆದರೆ ನರೂಲಿಯ ವಿಷಯಕ್ಕೆ ಅವರೇ ಸೈ ಎಂದು ಯಾರೋ ಹೇಳಿದ್ದರು. ಬಾಗಿಲಲ್ಲಿ ಬಸುರಿಯರ ಸಾಲು. ಆ ಸಾಲಿನಲ್ಲಿ ಚಂದ್ರಯ್ಯ ಟವೆಲಿನಿಂದ ಗದ್ದ ಮುಚ್ಚಿಕೊಂಡು ಕೂತ. ಹೆಂಗಸರ ನಡುವೆ ಕೂರುವುದು ಅವನಿಗೇನೂ ಹೊಸದಲ್ಲ. ಹೆಂಗಸರಿಗೆ ಹೊಸದಾಗಿತ್ತು.

ಡಾಕ್ಟರು ಟವೆಲು ತೆಗೆಸಿ, ಮುಖವನ್ನು ದೀಪಕ್ಕೆ ತಿರುಗಿಸಿ ನೋಡಿದರು. "ದಿನಾ ಬೋಳಿಸ್ಕೊಳ್ತೀರಾ?"

"ಹೌದಮ್ಮಾ. ಸ್ತ್ರೀವೇಷ ಅಲ್ದಾ?"

"ಹಾಗಾದರೆ ಇದನ್ನ ಬೆಳೆಸಿದ್ದು ನೀವೇ. ಇದು ಶಾಪವೂ ಅಲ್ಲ, ರಕ್ತ ಕೆಟ್ಟಿದ್ದೂ ಅಲ್ಲ. ಪ್ಯಾಪಿಲೋಮಾ ಅಂತ ಒಂದು ವೈರಸ್ಸು. ರೇಜರು ಒಂದು ನರೂಲಿ ಕೆರೆದು ಪಕ್ಕದಲ್ಲಿ ಬಿತ್ತುತ್ತೆ. ಮಾರನೇ ದಿನ ಅದರ ಪಕ್ಕ. ಇಷ್ಟನ್ನೂ ಸುಟ್ಟು ತೆಗೆದರೆ ಮುಖದ ಮೇಲೆ ಕಲೆ ಉಳಿಯುತ್ತೆ. ಅದಕ್ಕೆ ಔಷಧಿ ಒಂದೇ, ರೇಜರು ಮುಟ್ಟಬೇಡಿ."

"ಮುಟ್ದೇ ಇದ್ರೆ ಗಡ್ಡ ಬರ್ತದಲ್ಲಮ್ಮಾ!"

"ಬರಲಿ. ಬೇಕಾದರೆ ಕತ್ತರಿಯಲ್ಲಿ ಮೇಲೆ ಮೇಲೆ ಕತ್ತರಿಸ್ಕೊಳ್ಳಿ."

ರಾಣಿ ಹೊನ್ನಾಂಬೆಗೆ ಗಡ್ಡ. ಚಂದ್ರಯ್ಯನಿಗೆ ಅಳು ಬಂದಂತಾಯಿತು. ಅವನು ಬೇರೆ ದಾರಿ ಹುಡುಕಿದ. "ಅಮ್ಮಾ, ನಮ್ಮೂರಲ್ಲಿ ಒಂದು ಕರುವಿಗೆ ಮೈತುಂಬ ನರೂಲಿ ಆಗಿತ್ತು. ದನದ ಡಾಕ್ಟ್ರು ಅದರದ್ದೇ ನರೂಲಿ ಕೊಯ್ದು ಅರೆದು ಔಷಧಿ ಮಾಡಿ ಸೂಜಿ ಹಾಕಿದ್ರು, ಎಲ್ಲ ಉದುರಿಹೋಯ್ತು. ನಂಗೂ ಹಂಗೇ ಒಂದು..."

"ಅದು ದನಕ್ಕೆ. ನೀವು ದನ ಅಲ್ಲವಲ್ಲ."

"ಮನೇಲಿ ಕೇಳಿದ್ರೆ ಬೇರೆ ಹೇಳ್ತಾರೆ."

ಡಾಕ್ಟರಿಗೆ ನಗು ಬಂತು. ನಕ್ಕಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು ಬಿಡಿಸಿ ಹೇಳಿದರು. "ಆ ವೈರಸ್ಸಿನ ಒಳಗೆ ನೂಲಿನಂಥ ಜೀನ್ ಇರುತ್ತೆ, ಹೊರಗೆ ಪ್ರೋಟೀನಿನ ಹೊದಿಕೆ. ನಿಮ್ಮ ಲೆಕ್ಕದಲ್ಲಿ ಒಳಗೆ ಮನುಷ್ಯ, ಹೊರಗೆ ವೇಷ. ನಿಮ್ಮ ಮೈ ಇನ್ನೂ ಆ ವೇಷದ ಗುರುತು ಹಿಡಿದಿಲ್ಲ. ಹಿಡಿದ ದಿನ ತಾನೇ ಓಡಿಸುತ್ತೆ. ಮುಂದೊಂದು ಕಾಲಕ್ಕೆ ಒಳಗೆ ಯಾರನ್ನೂ ಇಡದೆ ಬರೀ ವೇಷ ಮಾಡಿ ಮೈಗೆ ತೋರಿಸ್ತಾರೆ, ಮೈ ನೋಡಿ ಕಲಿತ್ಕೊಳ್ಳುತ್ತೆ. ಅದೇ ಲಸಿಕೆ. ಕಾಮಾಲೆಗೆ ಆ ದಾರಿಯಲ್ಲಿ ಹೊರಟಿದ್ದಾರಂತೆ. ಇದಕ್ಕೂ ಬರುತ್ತೆ ಅಂತ ನನ್ನ ಆಸೆ."

"ಅಲ್ಲಿವರೆಗೆ ನಾನು ಕಾಯ್ಬೇಕಾ?"

"ನೀವು ಕೆಲವು ತಿಂಗಳು ಕಾದರೆ ಸಾಕು. ನಾನು ಕಾಯ್ತಿರೋದು ಹೆಂಗಸರಿಗೋಸ್ಕರ. ಈ ವೈರಸ್ಸಿಗೆ ದಾಯಾದಿಗಳು ಬೇಕಾದಷ್ಟಿದ್ದಾವೆ. ಅದರಲ್ಲೊಂದು ಗರ್ಭಕೋಶದ ಬಾಯಲ್ಲಿ ಅಡಗಿ ಕೂತು ಕ್ಯಾನ್ಸರ್ ತರುತ್ತೆ ಅಂತ ಈಗೀಗ ಹೊರದೇಶದಲ್ಲಿ ಕಂಡುಹಿಡೀತಿದ್ದಾರೆ. ನಿಮ್ಮದು ಪಾಪದ್ದು, ಬರೀ ಚಂದ ಕೆಡಿಸುತ್ತೆ. ನಿಮ್ಮ ಮನೆಯವರನ್ನ ಒಂದ್ಸಲ ಪರೀಕ್ಷೆಗೆ ಕಳಿಸಿ." ಅವನು ಏಳುವಾಗ ಡಾಕ್ಟರು ಬೆರಳೆತ್ತಿದರು. "ಇನ್ನೊಂದು ಮಾತು. ಆ ರೇಜರನ್ನ ಬೇರೆ ಯಾರ ಮುಖಕ್ಕೂ ಮುಟ್ಟಿಸಬೇಡಿ. ಸಣ್ಣ ಗಾಯ ಆದರೂ ಅವರಿಗೆ ಅಂಟುತ್ತೆ."

"ಇಲ್ಲಮ್ಮಾ," ಎಂದ ಚಂದ್ರಯ್ಯ. ಆಗ ಮನಸ್ಸಿಟ್ಟೇ ಹೇಳಿದ್ದ.

ಗಡ್ಡ ಬಂತು. ಬಂದದ್ದು ಸೊಗಸಾಗಿ, ದಟ್ಟವಾಗಿ ಬಂತು. ಒಂದು ದಿನ ಊರಿಗೆ ಹೋದಾಗ ಜಲಜಮ್ಮ ಬಾಗಿಲಲ್ಲೇ ನಿಂತು "ಯಾರು ಬೇಕಿತ್ತು?" ಎಂದಳು. ಆಮೇಲೆ ಒಳಗೆ ಕರೆದು, ಊಟ ಬಡಿಸಿ, ತುಂಬ ಹೊತ್ತು ನೋಡಿ, "ಈಗ ಗಂಡ ಇದ್ದಂಗೆ ಅದೀರಿ," ಎಂದು ಮುಖ ತಿರುಗಿಸಿಕೊಂಡಳು. ನಾಚಿದ್ದು ಯಾರು ಎಂದು ಹೇಳುವುದು ಕಷ್ಟ.

ಮೇಳದಲ್ಲಿ ಮುಕುಂದಯ್ಯನವರು ಗಡ್ಡವನ್ನು ದಂಡ ಮಾಡಲಿಲ್ಲ. ಬೇಡರ ನಾಯಕನ ವೇಷವನ್ನು ಚಂದ್ರಯ್ಯನಿಗೆ ಕೊಟ್ಟರು. ಅಂಟುಗಡ್ಡದ ಖರ್ಚು ಉಳಿಯಿತು. ಆದರೆ ಇಷ್ಟು ವರ್ಷ ಸೀರೆಯುಟ್ಟ ಮೈ ಒಂದೇ ದಿನಕ್ಕೆ ಬೇಡನಾಗುವುದು ಹೇಗೆ? ಅಬ್ಬರಿಸುತ್ತ ರಂಗಕ್ಕೆ ನುಗ್ಗಿದ ನಾಯಕ ಮೂರು ಹೆಜ್ಜೆ ಇಟ್ಟು, ನಿಂತು, ಭುಜದ ಮೇಲೆ ಇಲ್ಲದ ಸೆರಗನ್ನು ಸರಿಮಾಡಿಕೊಂಡ. ಡೇರೆ ನಕ್ಕು ನಕ್ಕು ಬಿದ್ದಿತು. ಅದೇ ಡೇರೆ ಉಮಾಪತಿಯ ಹೊನ್ನಾಂಬೆಗೆ ಶಿಳ್ಳೆ ಹೊಡೆಯಿತು. ಹುಡುಗ ಚೆನ್ನಾಗಿಯೇ ಮಾಡುತ್ತಿದ್ದ, ಅದೇ ತಾಪತ್ರಯ. ಕೆಟ್ಟದಾಗಿ ಮಾಡಿದ್ದರೆ ಚಂದ್ರಯ್ಯ ಅವನನ್ನು ಮಗನಂತೆ ಪ್ರೀತಿಸುತ್ತಿದ್ದ.

ಫೆಬ್ರವರಿಯಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ಕಾಲೋನಿಯವರು ಒಂದು ಹಗಲಾಟ ಕೇಳಿದರು. ರಾತ್ರಿ ಪಾಳಿಯವರಿಗೂ ನೋಡಲು ಆಗಲಿ ಎಂದು ಮಧ್ಯಾಹ್ನ ಊಟವಾದ ಮೇಲೆ ಆಟ. ಗಡಿಬಿಡಿಯಲ್ಲಿ ಹೊರಟ ಉಮಾಪತಿ ತನ್ನ ಕ್ಷೌರದ ಸಾಮಾನನ್ನು ಹಿಂದಿನ ಮೊಕ್ಕಾಮಿನಲ್ಲೇ ಬಿಟ್ಟು ಬಂದಿದ್ದ. ಹಗಲು ಬೆಳಕಿಗೆ ಒಂದು ಕೂದಲಿದ್ದರೂ ಕಾಣುತ್ತದೆ. ಅವನು ಚೌಕಿಯಲ್ಲಿ ಅತ್ತಿತ್ತ ನೋಡಿ ಚಂದ್ರಯ್ಯನ ಪೆಟ್ಟಿಗೆಯ ಹತ್ತಿರ ಬಂದ.

"ಚಂದ್ರಣ್ಣ, ನಿಮ್ ರೇಜರ್ ತಗೊಳ್ಲಾ? ನಿಮಗೀಗ ಬೇಡ್ವಲ್ಲ."

ಆ ಕೊನೆಯ ಮಾತೊಂದನ್ನು ಹುಡುಗ ಆಡದೇ ಇದ್ದಿದ್ದರೆ ಏನಾಗುತ್ತಿತ್ತೋ. ಅವನು ಕುಹಕದಿಂದ ಆಡಲಿಲ್ಲ, ಇದ್ದದ್ದನ್ನೇ ಹೇಳಿದ. ಆದರೂ ಅದು ಚಂದ್ರಯ್ಯನ ಎದೆಗೆ ನಾಟಿತು. ಡಾಕ್ಟರು ಎತ್ತಿದ ಬೆರಳು ಕಣ್ಣ ಮುಂದೆ ಬಂತು. ಮರೆತಿದ್ದೆ ಎಂದು ಅವನು ಆಮೇಲೆ ಯಾವತ್ತೂ ನೆಪ ಹೇಳಲಿಲ್ಲ.

"ಹೂಂ," ಎಂದ.

ಉಮಾಪತಿ ಬೋಳಿಸಿಕೊಂಡ, ಬಣ್ಣ ಹಚ್ಚಿಕೊಂಡ, ಸೀರೆ ಉಟ್ಟ. ಚಂದ್ರಯ್ಯ ಕನ್ನಡಿಯಲ್ಲಿ ತನ್ನ ಹುಬ್ಬಿಗೆ ಕಪ್ಪು ಎಳೆಯುತ್ತ ಕೂತಿದ್ದ. ಕಪ್ಪು ದಾರಿ ತಪ್ಪಿ ಹುಬ್ಬು ಹಣೆಗೇರಿತು. ಬೇಡನಿಗೆ ನಡೆಯುತ್ತದೆ ಎಂದು ಹಾಗೇ ಬಿಟ್ಟ.

ಆಟ ನಡೆಯಿತು. ಹೊನ್ನಾಂಬೆಯನ್ನು ಹೊತ್ತು ತಂದ ನಾಯಕ ಅವಳ ಗದ್ದ ಹಿಡಿದೆತ್ತಿ ಚೆಲುವನ್ನು ಬಣ್ಣಿಸಬೇಕು. ಭಾಗವತರು ಹಾಡು ಮುಗಿಸಿ ತಾಳ ನಿಲ್ಲಿಸಿದರು. ಚಂದ್ರಯ್ಯ ಗದ್ದ ಎತ್ತಿದ. ಬಿಸಿಲಿನ ಬೆಳಕಿನಲ್ಲಿ, ಬಿಳಿ ಬಣ್ಣದ ನಡುವೆ, ಒಂದು ಸಣ್ಣ ಗೀರು. ಬ್ಲೇಡು ತಾಗಿದ್ದು. ಬಣ್ಣದ ಅಡಿಯಿಂದ ರಕ್ತ ತುಸು ಒಸರಿ ಚುಕ್ಕೆಯಾಗಿ ನಿಂತಿತ್ತು. ಕಣ್ಣುಗಳು ಮಾತ್ರ ಎಳೆಯ ಹುಡುಗನವು, ಹಿರಿಯ ಕಲಾವಿದನ ಮಾತಿಗೆ ಕಾಯುತ್ತಿದ್ದವು.

ಬಾಯಿಗೆ ಬರಬೇಕಿದ್ದ ಬಣ್ಣನೆ ಬರಲಿಲ್ಲ. ಬಂದದ್ದು ಬೇರೆಯೇ.

"ಎಲೈ ಹೊನ್ನಾಂಬೆ, ಈ ದಿನ ನಿನ್ನ ಗದ್ದವನ್ನು ಸೋಕಿದ ಕತ್ತಿಯೊಂದುಂಟಲ್ಲ, ಅದು ವಿಷದ ಕತ್ತಿ!"

ಮದ್ದಳೆಯವ ಕತ್ತೆತ್ತಿ ನೋಡಿದ. ಪ್ರಸಂಗದಲ್ಲಿ ಕತ್ತಿಯೇ ಇಲ್ಲ. ಉಮಾಪತಿ ಒಂದು ಗಳಿಗೆ ಬೆಪ್ಪಾದ, ಮುದುಕ ತನ್ನನ್ನು ಸಿಕ್ಕಿಸಲು ಹೊಸ ಮಾತು ಎಸೆಯುತ್ತಿದ್ದಾನೆ ಎಂದುಕೊಂಡ. ಬಿಟ್ಟುಕೊಡುವವನಲ್ಲ. ಸೆರಗು ಬಿಗಿದು ನಿಂತ.

"ನಾಯಕನೇ, ಯಾರದಯ್ಯ ಆ ಕತ್ತಿ?"

"ನನ್ನದೇ."

"ವಿಷವಿದೆಯೆಂದು ನಿನಗೆ ತಿಳಿದಿತ್ತೋ?"

"ಬಲ್ಲವರು ತಿಳಿಸಿ ಹೇಳಿದ್ದರು."

"ತಿಳಿದೂ ಕೊಟ್ಟೆಯಾ?"

ಚಂದ್ರಯ್ಯ ಗದ್ದ ಹಿಡಿದ ಕೈ ಬಿಟ್ಟ. "ತಿಳಿದೂ ಕೊಟ್ಟೆ. ನಿನ್ನ ಚೆಲುವನ್ನು ಕಂಡು ಹೊಟ್ಟೆಯುರಿದು ಕೊಟ್ಟೆ."

ಇಡೀ ಕಾಲೋನಿ ಚಪ್ಪಾಳೆ ಹೊಡೆಯಿತು. ಬೇಡನ ಬಾಯಲ್ಲಿ ಎಂಥ ಮಾತು ಬಂತು ಎಂದು ಜನ ತಲೆದೂಗಿದರು. ಆ ಚಪ್ಪಾಳೆಯ ನಡುವೆ ಉಮಾಪತಿಯ ಕೈ ಮೆಲ್ಲಗೆ ಮೇಲೆದ್ದು ತನ್ನ ಗದ್ದವನ್ನು ಮುಟ್ಟಿ ನೋಡಿಕೊಂಡಿತು. ಅವನಿಗೆ ಅರ್ಥವಾಗಿತ್ತು.

ಆಟ ಮುಗಿದ ಮೇಲೆ ಅವನು ಜಗಳಕ್ಕೆ ಬರುತ್ತಾನೆ ಎಂದು ಚಂದ್ರಯ್ಯ ಕಾದ. ಬರಲಿಲ್ಲ. ಸೀರೆ ಬಿಚ್ಚಿ, ಮುಖ ತೊಳೆದು, ಎದುರಿಗೆ ನಿಂತು, "ಡಾಕ್ಟ್ರು ಯಾರು?" ಎಂದಷ್ಟೇ ಕೇಳಿದ. ಮರುದಿನ ಇಬ್ಬರೂ ಬಸ್ಸು ಹತ್ತಿ ಸಾಗರಕ್ಕೆ ಹೋದರು. ಮೀನಾಕ್ಷಮ್ಮ ಚಂದ್ರಯ್ಯನನ್ನು ಬೈದದ್ದು ಹೊರಗಿನ ಸಾಲಿನವರೆಗೂ ಕೇಳಿತು. ಹುಡುಗನಿಗೆ ಹೇಳಿದ್ದು ಇಷ್ಟೇ. ಬರಬಹುದು, ಬಾರದೆಯೂ ಇರಬಹುದು, ಅಂಟಿದ್ದರೆ ಕಾಣಿಸಿಕೊಳ್ಳಲು ತಿಂಗಳುಗಳು ಬೇಕು. ತನ್ನದೇ ರೇಜರು ಇಟ್ಟುಕೊಳ್ಳಲಿ, ಒಂದು ಕಂಡರೂ ಅದನ್ನು ಬಿಟ್ಟುಬಿಡಲಿ.

ಆ ಸಂಜೆ ಚಂದ್ರಯ್ಯ ಹಳೆಯ ರೇಜರನ್ನು ಡೇರೆಯ ಹಿಂದೆ ಆಳಕ್ಕೆ ಗುಂಡಿ ತೋಡಿ ಹೂತ. ಆದರೂ ದಿನಾ ಚೌಕಿಯಲ್ಲಿ ಅವನ ಕಣ್ಣು ಮೊದಲು ಹೋಗುತ್ತಿದ್ದದ್ದು ಉಮಾಪತಿಯ ಗದ್ದಕ್ಕೆ. ಉಮಾಪತಿ ಅದನ್ನು ನೋಡಿಯೂ ನೋಡದವನಂತೆ ಇರುತ್ತಿದ್ದ. ವೇಷದಲ್ಲಿ ಗಂಟೆಗಟ್ಟಲೆ ಮಾತಾಡುತ್ತಿದ್ದ ಇಬ್ಬರು ವೇಷ ಬಿಚ್ಚಿದ ಮೇಲೆ ಬಾಯಿ ಬಿಡುತ್ತಿರಲಿಲ್ಲ.

ಏಪ್ರಿಲ್ ಹೊತ್ತಿಗೆ ಚಂದ್ರಯ್ಯನ ಗಡ್ಡದೊಳಗೆ ತುರಿಕೆ ಶುರುವಾಯಿತು. ನರೂಲಿಗಳು ಕೆಂಪಗಾಗಿ, ಒಣಗಿ, ಒಂದೊಂದಾಗಿ ಉದುರಿದವು. ಮೈ ಕೊನೆಗೂ ವೇಷದ ಗುರುತು ಹಿಡಿದಿತ್ತು. ಜಲಜಮ್ಮನಿಗೆ ಹೇಳಿಕಳಿಸಿದಾಗ ಅವಳು ಎಲ್ಲ ಹೊಳೆಗೆ ಹಾಕಿದ ಬೆಲ್ಲದ ಮಹಿಮೆ ಎಂದಳು. ಆದರೂ ಪಕ್ಕದ ಮನೆ ಶಾಂತಮ್ಮನನ್ನು ಜೊತೆ ಮಾಡಿಕೊಂಡು ಸಾಗರಕ್ಕೆ ಹೋಗಿ ಡಾಕ್ಟರು ಹೇಳಿದ ಪರೀಕ್ಷೆ ಮಾಡಿಸಿಕೊಂಡು ಬಂದಳು. ಇಬ್ಬರಿಗೂ ಏನೂ ಇರಲಿಲ್ಲ.

ತೀರ್ಥಹಳ್ಳಿಯ ಕೊನೆಯ ಆಟದ ದಿನ ಬಂತು. ಮುಂಗಾರು ಮೋಡ ನೋಡಿ ಮುಕುಂದಯ್ಯನವರು ಹೊತ್ತು ಮುಳುಗುವ ಮುಂಚೆಯೇ ಚಂಡೆ ಬಾರಿಸಲು ಹೇಳಿದರು. ಚೌಕಿಗೆ ಬಂದು ಚಂದ್ರಯ್ಯನ ಗಡ್ಡ ಎತ್ತಿ ಅಡಿಯ ಚರ್ಮ ನೋಡಿದರು. ಮಗುವಿನ ಕೆನ್ನೆಯಂತೆ ನುಣುಪಾಗಿತ್ತು.

"ಇನ್ನೆಂತ ಮಾರಾಯ? ಬೋಳಿಸ್ಕೊಂಡು ಸೀರೆ ಉಡು. ಊರಿಗೆ ಊರೇ ನಿನ್ ಹೊನ್ನಾಂಬೆ ನೋಡೋಕೆ ಬಂದದೆ. ಆ ಹುಡುಗಂಗೆ ಬೇರೆ ಗದ್ದಕ್ಕೊಂದು ನರೂಲಿ ಎದ್ದದಂತೆ."

ಚಂದ್ರಯ್ಯನ ಎದೆ ಮೊದಲು ಹಿಗ್ಗಿತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ನಿಜವಾಗಿಯೂ ಹಿಗ್ಗಿತು. ಅವನ ಹೆಂಡತಿ ಕೂಡ ಆ ದಿನ ಮೇಗರವಳ್ಳಿಯಿಂದ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಳು. ಹೊಸ ರೇಜರಿಗೆ ಹೊಸ ಬ್ಲೇಡು ಹಾಕಿ, ಗಡ್ಡಕ್ಕೆಲ್ಲ ಸೋಪು ನೊರೆ ಬಳಿದು, ಕನ್ನಡಿ ಎತ್ತಿದ. ಕನ್ನಡಿಯಲ್ಲಿ ತನ್ನ ಹೆಗಲ ಹಿಂದೆ ಉಮಾಪತಿ ಕಂಡ. ಮೂಲೆಯಲ್ಲಿ, ಪೆಟ್ಟಿಗೆಗೆ ಒರಗಿ, ಗದ್ದಕ್ಕೆ ಟವೆಲು ಹಿಡಿದು ಕೂತಿದ್ದ. ಬ್ಲೇಡು ತಾಗಿದ ಅದೇ ಜಾಗ.

ಚಂದ್ರಯ್ಯ ರೇಜರು ಕೆಳಗಿಟ್ಟ. ನೊರೆ ಒಣಗತೊಡಗಿತು. ಆಮೇಲೆ ಅದನ್ನು ಒರೆಸಿಕೊಂಡು, ಪೆಟ್ಟಿಗೆಯಿಂದ ಸಣ್ಣ ಕತ್ತರಿ ತೆಗೆದು, ಕುದಿಯುವ ನೀರಿನಲ್ಲಿ ಅದ್ದಿ, ಹುಡುಗನ ಎದುರು ಮಂಡಿಯೂರಿದ.

"ಮುಖ ಎತ್ತು."

"ಬ್ಯಾಡ ಚಂದ್ರಣ್ಣ. ಅದು ನಿಮ್ದೇ ವೇಷ. ನೀವೇ ಮಾಡಿ."

"ಮುಖ ಎತ್ತೋ. ಒಂದೇ ಒಂದು ಅಲ್ದಾ? ನಂಗೆ ಇಡೀ ಗುಡ್ಡವೇ ಎದ್ದಿತ್ತು."

ಉಮಾಪತಿ ಮುಖ ಎತ್ತಿದ. ಚಂದ್ರಯ್ಯ ನರೂಲಿಯ ಸುತ್ತಲಿನ ಕೂದಲನ್ನು ಒಂದೊಂದಾಗಿ, ಅದಕ್ಕೆ ತಾಗದಂತೆ ಕತ್ತರಿಸಿದ. ಉಳಿದ ಕಡೆ ಹುಡುಗ ತನ್ನದೇ ರೇಜರಿನಿಂದ ದೂರದೂರ ಬೋಳಿಸಿಕೊಂಡ. ಬಿಳಿ ಬಣ್ಣ ಹಚ್ಚಿದ ಮೇಲೆ ಚಂದ್ರಯ್ಯ ಹೊಸ ಕಡ್ಡಿಯ ತುದಿಗೆ ಕಾಡಿಗೆ ತೆಗೆದು ಆ ನರೂಲಿಯ ಮೇಲೆ ದುಂಡಗೆ ಒಂದು ದೃಷ್ಟಿಬೊಟ್ಟು ಇಟ್ಟ. ಕಡ್ಡಿಯನ್ನು ಒಲೆಗೆ ಎಸೆದು ಹಿಂದೆ ಸರಿದು ನೋಡಿದ. ತಾನು ಅಷ್ಟು ವರ್ಷ ಮಾಡಿದ ಯಾವ ರಾಣಿಗೂ ಆ ಬೊಟ್ಟು ಇರಲಿಲ್ಲ. ಇರಬೇಕಿತ್ತು ಅನ್ನಿಸಿತು. ಹೊಟ್ಟೆಯಲ್ಲಿ ಒಂದು ಉರಿ ಎದ್ದಿತು, ಅದನ್ನು ನುಂಗಿಕೊಂಡು ಬೇಡನ ಬಣ್ಣಕ್ಕೆ ಕೂತ.

ಮುಕುಂದಯ್ಯನವರು ಹಣೆ ಚಚ್ಚಿಕೊಂಡರು. ಆದರೆ ಅಷ್ಟು ಹೊತ್ತಿಗೆ ಚಂಡೆ ಮೊದಲಾಗಿತ್ತು.

ಹೊನ್ನಾಂಬೆ ಬಂದಳು. ಡೇರೆ ಉಸಿರು ಹಿಡಿಯಿತು, ಆಮೇಲೆ ಶಿಳ್ಳೆ. ನಾಯಕ ಬಂದ. ಈ ಸಲ ಸೆರಗು ಹುಡುಕಲಿಲ್ಲ. ಹೊತ್ತು ತಂದ, ಗದ್ದ ಎತ್ತಿದ. ಭಾಗವತರು ತಾಳ ನಿಲ್ಲಿಸಿದರು. ಇನ್ನು ಒಂದು ಗಂಟೆ ಇಬ್ಬರ ಮಾತು ಎಂದು ಮದ್ದಳೆಯವ ಕಾಲು ಚಾಚಿ ಕೂತ.

ಚಂದ್ರಯ್ಯ ಬಾಯಿ ತೆರೆಯುವ ಮುಂಚೆ ಉಮಾಪತಿಯೇ ಕೇಳಿದ. "ನಾಯಕನೇ, ಅಂದು ಒಂದು ಕತ್ತಿಯಿತ್ತಲ್ಲ, ಅದೀಗ ಎಲ್ಲಿ?"

"ಹೂತುಬಿಟ್ಟೆ."

"ಕತ್ತಿಯನ್ನು ಹೂತೆ, ಸರಿ. ಹೊಟ್ಟೆಯುರಿಯನ್ನು?"

ಮುಂದಿನ ಸಾಲಿನಲ್ಲಿ ಜಲಜಮ್ಮ ಕೂತಿದ್ದಳು. ಬಲಗಡೆ ಯಜಮಾನರು ನಿಂತಿದ್ದರು. ಮೈಯೆಲ್ಲ ಕಿವಿಯಾಗಿ ತೀರ್ಥಹಳ್ಳಿ ಕಾದಿತ್ತು. ಚಂದ್ರಯ್ಯ ಎಷ್ಟೋ ಚಂದದ ಮಾತುಗಳನ್ನು ಹೊಂದಿಸಿಕೊಂಡು ಬಂದಿದ್ದ. ಒಂದೂ ಬೇಕಾಗಲಿಲ್ಲ.

"ತಾಯಿ," ಎಂದ. ಎಂದವನು ಹಾಗೇ ನೆಲಕ್ಕೆ ಬಾಗಿ, ಆ ಹುಡುಗನ ಗೆಜ್ಜೆಗಾಲು ಹಿಡಿದುಕೊಂಡ.

ಕಾಲಿಗೆ ಬಿದ್ದ ಮೇಲೆ ಪ್ರಸಂಗದಲ್ಲಿ ಇನ್ನೇನೂ ಉಳಿದಿಲ್ಲ. ಭಾಗವತರು ಯಜಮಾನರ ಮುಖ ನೋಡಿದರು, ಯಜಮಾನರು ಆಕಾಶ ನೋಡಿದರು. ರಾಣಿ ಹೊನ್ನಾಂಬೆ ಬಾಗಿ, ತನಗಿಂತ ಇಪ್ಪತ್ತು ವರ್ಷ ದೊಡ್ಡವನಾದ ಬೇಡನ ಭುಜ ಹಿಡಿದು ಎಬ್ಬಿಸಿದಳು. ಜನರಿಗೆ ಕೇಳದಂತೆ, ರಂಗದ ಮೇಲೆ ಮೊದಲ ಸಲ, ವೇಷದ ಭಾಷೆ ಬಿಟ್ಟು ಮಾತಾಡಿದಳು. "ಏಳಿ ಚಂದ್ರಣ್ಣ. ಮುಂದಿನ ತಿರುಗಾಟಕ್ಕೂ ಕತ್ತರಿ ನೀವೇ ಹಿಡೀಬೇಕು."

ಭಾಗವತರು ಬೇರೆ ದಾರಿ ಕಾಣದೆ ಮಂಗಳ ಹಾಡಿದರು. ಮೊದಲ ಹನಿ ಬೀಳುವಷ್ಟರಲ್ಲಿ ಆಟ ಮುಗಿದೇಹೋಯಿತು. ಮುಂದಿನ ವರ್ಷಕ್ಕೂ ಇದೇ ಇಬ್ಬರು, ಇದೇ ವೇಷ ಎಂದು ಮುಕುಂದಯ್ಯನವರು ಗೊಣಗುತ್ತಲೇ ಒಪ್ಪಿದರು. ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಜಲಜಮ್ಮ ಗಂಡನ ಗಡ್ಡದ ಕಡೆ ಒಮ್ಮೆ ನೋಡಿ, ಕೊಡೆ ಬಿಚ್ಚಿದಳು.

"ಒಂದು ಗಂಟೆ ಮಾತಾಡೋರು ನೀವು. ಇವತ್ತೆಂತ ಅಷ್ಟು ಬೇಗ ಕಾಲಿಗೆ ಬಿದ್ರಿ?"

"ಬೇಗ ಎಲ್ಲಿ ಬಂತು ಮಾರಾಯ್ತಿ," ಎಂದ ಚಂದ್ರಯ್ಯ. "ಮೂರು ತಿಂಗಳು ತಡವಾಯ್ತು."